ಒಂದೇ ಹೂವು, ಹಲವು ಕಸುಬು

ಇವತ್ತಿನ ಮಾತು ಒಂದು ಸಣ್ಣ ಗುಂಪಿಗೆ. ಈ ವರ್ಷ ಚಿತ್ರಕಲಾ ಶಾಲೆಗೋ ವಿನ್ಯಾಸದ ಕಾಲೇಜಿಗೋ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ. ಮೂಡಿಗೆರೆ, ಕಳಸ, ಆಲ್ದೂರು, ಬಾಳೆಹೊನ್ನೂರು ಕಡೆಯಿಂದ ಬಸ್ಸು ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋದವರಿಗೆ. ಅವರ ಅಪ್ಪ ಅಮ್ಮಂದಿರೂ ರೇಡಿಯೋ ಹಾಕಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಮೊದಲ ವರ್ಷದಲ್ಲಿ ಏನಾಗುತ್ತದೆ? ಕೈಗೆ ಪೆನ್ಸಿಲು ಕೊಡುತ್ತಾರೆ. ಅದು ಒಗ್ಗುವಷ್ಟರಲ್ಲಿ ಜಲವರ್ಣ ಬರುತ್ತದೆ. ಆಮೇಲೆ ಜೇಡಿಮಣ್ಣು. ಆಮೇಲೆ ಲಿನೋ ಕೆತ್ತಿ ಅಚ್ಚು ಹಾಕುವುದು. ಕ್ಯಾಮೆರಾ, ಅಕ್ಷರ ಬರೆಯುವುದು, ಬಟ್ಟೆಗೆ ಬಣ್ಣ ಕಟ್ಟುವುದು. ಮೈಸೂರಿನ ಚಾಮರಾಜೇಂದ್ರ ದೃಶ್ಯ ಕಲಾ ಅಕಾಡೆಮಿಯನ್ನೇ ನೋಡಿ. ಕಾವಾ ಎನ್ನುತ್ತೇವಲ್ಲ, ಅದು. ಚಿತ್ರಕಲೆ, ಶಿಲ್ಪ, ಗ್ರಾಫಿಕ್, ಅನ್ವಯಿಕ ಕಲೆ, ಛಾಯಾಚಿತ್ರ, ಕಲಾ ಇತಿಹಾಸ, ಎಲ್ಲವೂ ಒಂದೇ ಆವರಣದಲ್ಲಿವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲೂ ಪದವಿಯ ಶುರುವಿಗೆ ಎಲ್ಲರಿಗೂ ಒಂದೇ ಬುನಾದಿ ಕಲಿಕೆ. ವಿಭಾಗ ಆರಿಸಿಕೊಳ್ಳುವುದು ಆಮೇಲೆ.

ರಜೆಗೆ ಮನೆಗೆ ಬಂದಾಗ ಅಪ್ಪ ಕೇಳುತ್ತಾರೆ: "ಎಲ್ಲ ಸ್ವಲ್ಪ ಸ್ವಲ್ಪ ಮಾಡಿದರೆ ಕೊನೆಗೆ ನಿನಗೆ ಬರುವುದು ಯಾವುದು ಮಾರಾಯಾ?"

ಪ್ರಶ್ನೆ ನ್ಯಾಯವಾದದ್ದೇ. ಫೀಸು ಕಟ್ಟುವವರು ಅವರು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಮೂಡಿಗೆರೆ ಸಾಕು.

ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಕುವೆಂಪು ಅವರ ಮಗ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದರು. ಮೇಷ್ಟರಾಗಿ ಮೈಸೂರಿನಲ್ಲೇ ಇದ್ದುಬಿಡಬಹುದಿತ್ತು. ಇರಲಿಲ್ಲ. ಮೂಡಿಗೆರೆ ಕಡೆಗೆ ಬಂದು ಕಾಫಿ ಬೆಳೆದರು. ಮೊದಲು ಚಿತ್ರಕೂಟ ಎಂಬ ತೋಟ, ಆಮೇಲೆ ನಿರುತ್ತರ. 2007ರಲ್ಲಿ ತೀರಿಕೊಂಡದ್ದೂ ನಿರುತ್ತರದಲ್ಲೇ. ಕೊಟ್ಟಿಗೆಹಾರದಲ್ಲಿ ಈಗ ಅವರ ಹೆಸರಿನ ಪ್ರತಿಷ್ಠಾನವಿದೆ.

ಈ ಮನುಷ್ಯ ಏನೇನು ಮಾಡಿದರು ನೋಡಿ. ಕತೆ, ಕಾದಂಬರಿ ಬರೆದರು. 'ಅಬಚೂರಿನ ಪೋಸ್ಟಾಫೀಸು' 1973ರದು, 'ಕರ್ವಾಲೊ' 1980ರದು. ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರು. ಬಣ್ಣದ ಚಿತ್ರ ಬರೆದರು. ಗಾಳ ಹಾಕಿ ಮೀನು ಹಿಡಿದರು. ಪುಸ್ತಕ ಪ್ರಕಟಣೆಗೆ ಕೈಹಾಕಿದರು. ಕಂಪ್ಯೂಟರ್ ಬಂದಾಗ ಅದರಲ್ಲಿ ಕನ್ನಡ ಹೇಗೆ ಕೂರಬೇಕು ಎಂದು ತಲೆ ಕೆಡಿಸಿಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು.

ಇಷ್ಟನ್ನು ಕೇಳಿ ನಾವು ಬೆರಗಾಗಿ ಸುಮ್ಮನಾಗುತ್ತೇವೆ. ಬಹುಮುಖ ಪ್ರತಿಭೆ ಎಂದು ಹೊಗಳಿ ಎದ್ದು ಹೋಗುತ್ತೇವೆ. ವಿದ್ಯಾರ್ಥಿಗೆ ಆ ಹೊಗಳಿಕೆಯಿಂದ ಏನೂ ಪ್ರಯೋಜನವಿಲ್ಲ. ನಾನು ಗಮನಿಸಬೇಕು ಎನ್ನುವುದು ಬೇರೆ. ಅವರ ಕಸುಬು ಬದಲಾಗುತ್ತಿತ್ತು, ಕಣ್ಣಿಟ್ಟ ಜಾಗ ಹೆಚ್ಚಾಗಿ ಬದಲಾಗುತ್ತಿರಲಿಲ್ಲ. ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೊರಟದ್ದು ಈ ಕಾಡಿನಲ್ಲೇ. ಕ್ಯಾಮೆರಾ ಕಾದು ಕೂತದ್ದು ಈ ಕಾಡಿನ ಹಕ್ಕಿಗಾಗಿ. ಗಾಳ ಬಿದ್ದದ್ದು ಈ ಹೊಳೆಗೆ. ಅಂಡಮಾನಿನ ಬಗ್ಗೆ ಬರೆದರಲ್ಲ ಎನ್ನಬಹುದು, ನಿಜ. ಅಲ್ಲಿಗೂ ಅವರು ತೆಗೆದುಕೊಂಡು ಹೋದದ್ದು ಇಲ್ಲಿ ಪಳಗಿದ ಕಣ್ಣನ್ನೇ.

ಮೊದಲ ವರ್ಷದವರು ಸಾಮಾನ್ಯವಾಗಿ ಇದಕ್ಕೆ ತಿರುಗಾಮುರುಗಾ ಮಾಡುತ್ತಾರೆ. ಪೆನ್ಸಿಲಿನಲ್ಲಿ ಒಂದು ಮುಖ, ಮಣ್ಣಿನಲ್ಲಿ ಒಂದು ಆನೆ, ಕ್ಯಾಮೆರಾದಲ್ಲಿ ಸೂರ್ಯಾಸ್ತ. ಕಸುಬೂ ಹೊಸದು, ವಸ್ತುವೂ ಹೊಸದು. ಎರಡೂ ಒಟ್ಟಿಗೆ ಬದಲಾದರೆ ಯಾವುದು ಏನು ಕಲಿಸಿತು ಎಂದು ಗೊತ್ತಾಗುವುದು ಹೇಗೆ? ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಬೇಕು. ನನ್ನ ಸಲಹೆ ಇಷ್ಟೇ. ಒಂದು ವಸ್ತುವನ್ನು ಆರಿಸಿಕೊಳ್ಳಿ. ಅದನ್ನೇ ಎಲ್ಲ ಕಸುಬಿನ ಮೂಲಕ ಹಾಯಿಸಿ.

ಯಾವ ವಸ್ತು? ನಾನು ಕಾಫಿ ಹೂವನ್ನು ಆರಿಸುತ್ತೇನೆ.

ತೋಟದವರಿಗೆ ಅದನ್ನು ವರ್ಣಿಸಬೇಕಿಲ್ಲ. ಬಯಲುಸೀಮೆಯ ಕೇಳುಗರಿಗಾಗಿ ಎರಡು ಮಾತು. ಬೇಸಿಗೆಯ ಮೊದಲ ಹದ ಮಳೆಗೆ ನಾವು ಹೂಮಳೆ ಎನ್ನುತ್ತೇವೆ. ಅದು ಬಿದ್ದು ಸುಮಾರು 8-10 ದಿನಕ್ಕೆ ಮೊಗ್ಗು ಒಡೆಯುತ್ತದೆ. ಮಳೆ ಕೈಕೊಟ್ಟರೆ ರೊಬಸ್ಟಾ ಜಾತಿಯ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ರೆಂಬೆಯ ಎರಡೂ ಬದಿಗೆ ಎಲೆಗಳು ಜೋಡಿ ಜೋಡಿಯಾಗಿ ಇರುತ್ತವೆ. ಆ ಜೋಡಿಯ ಬುಡದಲ್ಲಿ, ಗಂಟು ಗಂಟಿಗೆ, ಬಿಳಿ ಹೂವಿನ ಗೊಂಚಲು. ವಾಸನೆ ಮಲ್ಲಿಗೆಯ ಹತ್ತಿರದ್ದು. ಎರಡು ಮೂರು ದಿನದ ಆಟ, ಆಮೇಲೆ ಕಂದಿಹೋಗುತ್ತದೆ. ಎಲೆ ಕಡುಹಸಿರು, ಹೂವು ಅಚ್ಚ ಬಿಳಿ. ಈ ಬಿಳಿಯನ್ನು ಹಿಡಿದುಕೊಳ್ಳಿ. ಒಂದೊಂದು ಕಸುಬೂ ಈ ಬಿಳಿಗೆ ಏನು ಮಾಡುತ್ತದೆ ಎಂದು ನೋಡೋಣ.

ಮೊದಲು ಪೆನ್ಸಿಲು. ಪೆನ್ಸಿಲಿನಲ್ಲಿ ಬಿಳಿ ಇಲ್ಲ. ಇರುವುದು ಕಪ್ಪು ಮಾತ್ರ. ಹೊಸಬರು ಹೂವಿನ ಸುತ್ತ ಒಂದು ಗಟ್ಟಿ ಗೆರೆ ಎಳೆಯುತ್ತಾರೆ. ಹೂವಿಗೆ ಬೇಲಿಯ ತಂತಿ ಸುತ್ತಿದ ಹಾಗೆ ಕಾಣುತ್ತದೆ. ಆಮೇಲೆ ಒಂದು ದಿನ ಗೊತ್ತಾಗುತ್ತದೆ, ಬರೆಯಬೇಕಾದ್ದು ಹೂವನ್ನಲ್ಲ ಎಂದು. ಹಿಂದಿನ ಎಲೆಯನ್ನು ಕಪ್ಪು ಮಾಡುತ್ತ ಬಂದರೆ ಹೂವು ತಾನಾಗಿ ಕಾಗದದಲ್ಲಿ ಉಳಿಯುತ್ತದೆ.

ಜಲವರ್ಣದಲ್ಲೂ ಬಿಳಿ ಎಂದರೆ ಕಾಗದವೇ. ಆದರೆ ಇಲ್ಲಿ ರಬ್ಬರಿನಿಂದ ಉಜ್ಜಿ ವಾಪಸು ಪಡೆಯುವ ಹಾಗಿಲ್ಲ. ಎಲ್ಲಿ ಬಣ್ಣ ಹಾಕಬಾರದು ಎಂಬುದು ಕುಂಚ ಒದ್ದೆಯಾಗುವ ಮೊದಲೇ ತೀರ್ಮಾನವಾಗಿರಬೇಕು. ಪೆನ್ಸಿಲು ತಾಳ್ಮೆ ಕೇಳಿದರೆ ಜಲವರ್ಣ ಮುಂಗಾಣ್ಕೆ ಕೇಳುತ್ತದೆ.

ತೈಲವರ್ಣ ಇದಕ್ಕೆ ಪೂರಾ ವಿರುದ್ಧ. ಮೊದಲು ಕತ್ತಲೆ ಹಾಕಿ. ಎಲೆ ಹಾಕಿ. ನೆರಳು ಹಾಕಿ. ಎಲ್ಲ ಮುಗಿದ ಮೇಲೆ ಬಿಳಿ ಬಣ್ಣ ದಪ್ಪಗೆ ತೆಗೆದು ಮೇಲೆ ಇಡಿ. ಜಲವರ್ಣದಲ್ಲಿ ಎಲ್ಲಕ್ಕಿಂತ ಮೊದಲು ಯೋಚಿಸಿದ ಹೂವು ಇಲ್ಲಿ ಕಟ್ಟಕಡೆಗೆ ಬರುತ್ತದೆ.

ಲಿನೋ ಅಚ್ಚಿಗೆ ಬನ್ನಿ. ಇಲ್ಲಿ ಬಿಳಿ ಬೇಕಾದಲ್ಲಿ ಉಳಿಯಿಂದ ಕೆತ್ತಿ ತೆಗೆಯಬೇಕು. ಉಳಿದದ್ದಕ್ಕೆ ಶಾಯಿ ಹತ್ತುತ್ತದೆ. ಪೆನ್ಸಿಲಿನಲ್ಲಿ ಹೂವು ನೀವು ಮುಟ್ಟದೆ ಬಿಟ್ಟ ಜಾಗ. ಲಿನೋದಲ್ಲಿ ಹೂವೇ ನೀವು ಮುಟ್ಟಿದ ಜಾಗ. ಇನ್ನೊಂದು ತಮಾಷೆ: ಅಚ್ಚು ಕನ್ನಡಿಯಂತೆ ತಿರುಗುತ್ತದೆ. ಎಡಕ್ಕೆ ಬಾಗಿದ ರೆಂಬೆ ಕಾಗದದ ಮೇಲೆ ಬಲಕ್ಕೆ ಬಾಗುತ್ತದೆ. ಕೆಳಗೆ ನಿಮ್ಮ ಹೆಸರು ಕೆತ್ತಿದ್ದರೆ ಅದನ್ನು ಓದಲು ಕನ್ನಡಿ ಬೇಕು. ಈ ಪೇಚಿಗೆ ಸಿಲುಕದ ವಿದ್ಯಾರ್ಥಿ ಬಹುಶಃ ಯಾವ ಕಾಲೇಜಿನಲ್ಲೂ ಇಲ್ಲ.

ಇನ್ನು ಕ್ಯಾಮೆರಾ. ಫೋನಿನ ಕ್ಯಾಮೆರಾ ಆದರೂ ಸರಿ. ತೋಟದಲ್ಲಿ ಬೆಳಕು ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನಡುವೆ ತೂರಿ ತುಂಡು ತುಂಡಾಗಿ ಬೀಳುತ್ತದೆ. ಸುತ್ತ ಕತ್ತಲೆ ಹೆಚ್ಚು. ಕ್ಯಾಮೆರಾ ಆ ಕತ್ತಲೆಯನ್ನು ನೋಡಿ ಬೆಳಕು ಸಾಲದು ಎಂದುಕೊಳ್ಳುತ್ತದೆ. ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಆಗ ಹೂವು ಸುಟ್ಟುಹೋಗುತ್ತದೆ. ಎಸಳು, ಕೇಸರ ಏನೂ ಕಾಣದೆ ಬರೀ ಬಿಳಿ ಕಲೆ. ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ. ಹೂವಿನ ಎಸಳು ಬಂದೀತು, ಎಲೆ ಕಪ್ಪಾದೀತು. ಎರಡೂ ಬೇಕೆಂದರೆ ಮೋಡ ಕವಿಯುವ ತನಕ ಕಾಯಿರಿ. ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಅವರಿಗೆ ಕಾಯುವುದು ಖರ್ಚಿನ ಲೆಕ್ಕವೂ ಆಗಿತ್ತು.

ಕೊನೆಗೆ ಮಣ್ಣು. ಮಣ್ಣಿಗೆ ಬಿಳಿಯೂ ಗೊತ್ತಿಲ್ಲ, ಹಸಿರೂ ಗೊತ್ತಿಲ್ಲ. ಬಣ್ಣ ಹೋದ ಮೇಲೆ ಹೂವಿನಲ್ಲಿ ಏನು ಉಳಿಯಿತು? ಗೊಂಚಲು ರೆಂಬೆಯನ್ನು ಹೇಗೆ ಅಪ್ಪಿಕೊಂಡಿದೆ ಎಂಬುದು ಉಳಿಯಿತು. ಅದನ್ನು ಮಾಡಲು ಹೋದರೆ ಎಸಳು ಒಣಗುವಾಗ ಬಿರುಕು ಬಿಡುತ್ತದೆ. ಅಷ್ಟು ತೆಳ್ಳಗಿನದನ್ನು ಮಣ್ಣು ಒಪ್ಪುವುದಿಲ್ಲ. ಅದು ಒಪ್ಪುವುದು ಕಾಫಿ ಹಣ್ಣನ್ನು, ಒಳಗಿನ ಬೀಜವನ್ನು. ಒಂದು ಹಣ್ಣಿನಲ್ಲಿ ಎರಡು ಬೀಜ, ಚಪ್ಪಟೆ ಮುಖಕ್ಕೆ ಚಪ್ಪಟೆ ಮುಖ ಒತ್ತಿಕೊಂಡು ಕೂತಿರುತ್ತವೆ. ಎಲ್ಲೋ ಕೆಲವು ಹಣ್ಣಿನಲ್ಲಿ ಒಂದೇ ಬೀಜ ದುಂಡಗೆ ಬೆಳೆದಿರುತ್ತದೆ, ವ್ಯಾಪಾರದವರು ಪೀಬೆರಿ ಎನ್ನುತ್ತಾರೆ. ಎರಡನ್ನೂ ಅಂಗೈ ಗಾತ್ರಕ್ಕೆ ಮಣ್ಣಿನಲ್ಲಿ ಮಾಡಿ ನೋಡಿ. ಒತ್ತಡ ರೂಪವನ್ನು ಹೇಗೆ ತಿದ್ದುತ್ತದೆ ಎಂದು ಬೆರಳಿಗೆ ಗೊತ್ತಾಗುತ್ತದೆ.

ನನ್ನ ಈ ಕಸುಬಿನಲ್ಲಿ, ಅಂದರೆ ರೇಡಿಯೋದಲ್ಲಿ, ಬಿಳಿ ಬಣ್ಣವೇ ಇಲ್ಲ. ಹೂವಾದ ತೋಟದಲ್ಲಿ ಜೇನಿನ ಸದ್ದು ಮಾತ್ರ ಬೇಕಾದಷ್ಟಿದೆ. ಧ್ವನಿಮುದ್ರಣವನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

ಇಲ್ಲಿಯವರೆಗೆ ಹೇಳಿದ್ದು ಏನು? ವಸ್ತು ಒಂದೇ ಇರಲಿ, ಕಸುಬು ಬದಲಾಗಲಿ. ಹೂವು ಅದೇ, ಆದರೆ ಒಂದು ಕಡೆ ಬಿಟ್ಟ ಜಾಗ, ಇನ್ನೊಂದು ಕಡೆ ಕೆತ್ತಿದ ಜಾಗ, ಮತ್ತೊಂದು ಕಡೆ ಆಗದ ಕೆಲಸ. ಈಗ ಇನ್ನೊಂದು ಹೆಜ್ಜೆ. ನೀವು ಸೇರಿದ್ದು ಬರೀ ಕಲೆಗಲ್ಲ, ವಿನ್ಯಾಸಕ್ಕೂ. ಅಲ್ಲಿ ಇನ್ನೊಬ್ಬರ ಮೈ, ಇನ್ನೊಬ್ಬರ ಕೈ ಲೆಕ್ಕಕ್ಕೆ ಬರುತ್ತದೆ.

ಹಳೆಯ ಮನೆಯ ಅಟ್ಟದಲ್ಲಿ ಗೊರಬು ಇದ್ದರೆ ಇಳಿಸಿ. ಬಿದಿರ ಸೀಳು ಹೆಣೆದು ಎಲೆ ಹೊದಿಸಿದ ಮಳೆಗಾಲದ ಹೊದಿಕೆ. ಬೆಂಗಳೂರಿನ ಗೆಳೆಯರಿಗೆ ತೋರಿಸಿದರೆ ಗೋಡೆಗೆ ನೇತುಹಾಕುವ ಅಲಂಕಾರ ಎಂದುಕೊಂಡಾರು. ನೀವು ಅದನ್ನು ತಲೆ ಮೇಲೆ ಹಾಕಿಕೊಂಡು ಸೊಂಟ ಬಗ್ಗಿಸಿ. ಆಗ ಅರ್ಥವಾಗುತ್ತದೆ. ನಿಂತಾಗ ಅದು ಬೆನ್ನ ಕೆಳಗಿನವರೆಗೆ ಇಳಿಬಿದ್ದಿರುತ್ತದೆ. ನಟ್ಟಿಗೆ ಬಗ್ಗಿದಾಗ ಬೆನ್ನಿಗೆ ಚಾವಣಿಯಾಗುತ್ತದೆ. ಮುಂದೆ ತೆರೆದಿದೆ, ಎರಡೂ ಕೈ ಖಾಲಿ. ಕೊಡೆ ಹಿಡಿದು ನಟ್ಟಿ ಮಾಡಲು ಆಗುವುದಿಲ್ಲ. ಇದನ್ನು ವಿನ್ಯಾಸ ಮಾಡಿದವರ ಹೆಸರು ಎಲ್ಲೂ ಬರೆದಿಲ್ಲ. ಈಗ ಪ್ಲಾಸ್ಟಿಕ್ ಹಾಳೆ ಅದರ ಜಾಗಕ್ಕೆ ಬಂದಿದೆ. ಅಗ್ಗ, ಹಗುರ, ನಿಜ. ಒಳಗೆ ಬೆವರು ನಿಲ್ಲುತ್ತದೆ, ಗಾಳಿಗೆ ಹಾರುತ್ತದೆ, ಅದೂ ನಿಜ. ಎರಡನ್ನೂ ಪಕ್ಕದಲ್ಲಿಟ್ಟು ತೂಗಿ, ಅಳೆದು, ಗೆರೆಯಲ್ಲಿ ಬರೆಯಿರಿ. ವಿನ್ಯಾಸದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ.

ಅಕ್ಷರಕ್ಕೂ ಇದೇ ಮಾತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಪೇಟೆಯಲ್ಲಿ ಪೊಟ್ಟಣಗಳಿಗೆ ಬರವಿಲ್ಲ. ಆದರೆ ಕನ್ನಡ ಅಕ್ಷರ ಚೆನ್ನಾಗಿ ಕೂತ ಪೊಟ್ಟಣ ಎಷ್ಟಿವೆ? 'ಕಳಸ' ಎಂದು ಬರೆಯಿರಿ. ಮೂರು ದುಂಡು ಅಕ್ಷರ. ಕೆಳಗೆ ಒತ್ತಿಲ್ಲ, ಮೇಲೆ ಗುಡಿಸಿಲ್ಲ. ಒಂದೇ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಈಗ 'ಚಿಕ್ಕಮಗಳೂರು' ಬರೆಯಿರಿ. ಮೊದಲ ಅಕ್ಷರದ ತಲೆ ಮೇಲೆ ಗುಡಿಸು, ಎರಡನೆಯದರ ಕೆಳಗೆ ಒತ್ತು, ಕೊನೆಯಲ್ಲಿ ಕೊಂಬುಗಳು ಬಲಕ್ಕೆ ಚಾಚುತ್ತವೆ. ಇಂಗ್ಲಿಷ್ ಅಕ್ಷರಕ್ಕೆಂದು ಅಳೆದ ಪಟ್ಟಿಯಲ್ಲಿ ಇದನ್ನು ತುರುಕಿದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಸಾಲುಗಳ ನಡುವೆ ಜಾಗ ಬಿಡಬೇಕು. ತೇಜಸ್ವಿಯವರಂಥ ಕಾದಂಬರಿಕಾರ ಕಂಪ್ಯೂಟರಿನ ಕನ್ನಡದ ಬಗ್ಗೆ ಯಾಕೆ ಅಷ್ಟು ಹಟ ಹಿಡಿದರು ಎಂದು ಈ ಒಂದು ಪೊಟ್ಟಣ ಮಾಡುವಾಗ ನಿಮಗೆ ಹೊಳೆಯಬಹುದು.

ಬಟ್ಟೆಯ ವಿಷಯ ಬೇಗ ಹೇಳುತ್ತೇನೆ. ಕಳಸದ ಕಡೆ ಕಾಫಿಯ ಜೊತೆಗೆ ಅಡಿಕೆಯೂ ಇದೆ. ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಚೊಗರು ಆಗುತ್ತದೆ. ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ ಎಂದು ಸುಲಿಯುವ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಸಾಗರದ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯವರು ಈ ಚೊಗರಿನಿಂದಲೇ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಚೊಗರಿಗೆ ಕಬ್ಬಿಣದ ಅಂಶ ಸೇರಿದರೆ ಬಣ್ಣ ಕಪ್ಪಿನ ಕಡೆ ತಿರುಗುತ್ತದೆ. ಆ ಬಟ್ಟೆಯ ಮೇಲೆ ನಮ್ಮ ಬಿಳಿ ಹೂವು ಬೇಕೆಂದರೆ? ಮೇಣ ಹಚ್ಚಿ ಅಥವಾ ದಾರ ಬಿಗಿದು, ಆ ಜಾಗಕ್ಕೆ ಬಣ್ಣ ಹೋಗದಂತೆ ತಡೆಯಬೇಕು. ಮತ್ತೆ ಜಲವರ್ಣದ ಲೆಕ್ಕಕ್ಕೇ ಬಂದೆವು. ಹೀಗೆ ಒಂದು ಕಸುಬು ಇನ್ನೊಂದರ ಬಾಗಿಲು ತಟ್ಟುವುದು ವಸ್ತು ಒಂದೇ ಆಗಿದ್ದಾಗ.

ಇಷ್ಟು ಹೊತ್ತು ಎರಡು ವಿಷಯ ಆಯಿತು. ಕಣ್ಣಿಗಾಗಿ ಮಾಡುವುದು, ಬಳಸುವವರಿಗಾಗಿ ಮಾಡುವುದು. ಉಳಿದದ್ದು ಅಪ್ಪನ ಪ್ರಶ್ನೆ. ಕೊನೆಗೆ ಬರುವುದು ಯಾವುದು?

ಒಂದು ಎಚ್ಚರಿಕೆ. ಎಲ್ಲವನ್ನೂ ಒಂದೊಂದು ಮಧ್ಯಾಹ್ನ ಮುಟ್ಟಿ ಬಿಡುವುದನ್ನು ನಾನು ಕಲಿಕೆ ಎನ್ನುವುದಿಲ್ಲ. ಮಣ್ಣು ಬಿರುಕು ಬಿಟ್ಟ ದಿನವೇ ಮಣ್ಣಿನ ಪಾಠ ಶುರು. ಅವತ್ತೇ ಅದನ್ನು ಬಿಟ್ಟು ಕ್ಯಾಮೆರಾಕ್ಕೆ ಓಡಿದರೆ ಕ್ಯಾಮೆರಾ ತೊಡಕು ಕೊಟ್ಟ ದಿನ ಇನ್ನೆಲ್ಲಿಗೋ ಓಡುತ್ತೀರಿ.

ಓಡದೆ ಕೂತವರನ್ನು ನೋಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಚಿತ್ರಕಾರ ಕೆ. ಕೆ. ಹೆಬ್ಬಾರರು ಗೆರೆಗೆ ಲಯ ಬೇಕೆಂದು ಕಥಕ್ ನೃತ್ಯವನ್ನು ಗುರುವಿನ ಬಳಿ ವರ್ಷಗಟ್ಟಲೆ ಕಲಿತರು. ನರ್ತಕರಾಗಬೇಕೆಂದಲ್ಲ. ಅವರ ಗೆರೆ ಕುಣಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಕುಣಿತ ಎಲ್ಲಿಂದ ಬಂತೆಂದು ಯಾರೂ ಹೇಳುವುದಿಲ್ಲ. ಕೆ. ವೆಂಕಟಪ್ಪನವರದು ಇನ್ನೂ ವಿಚಿತ್ರ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರ ಕಲಿತವರು, ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದವರು. ವೀಣೆ ಶೇಷಣ್ಣನವರ ಬಳಿ ವೀಣೆಗೆ ಕೂತರು. ಅದರಲ್ಲೂ ಎಷ್ಟು ಆಳಕ್ಕೆ ಇಳಿದರೆಂದರೆ ಚಿತ್ರ ಹಿಂದೆ ಬಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಬದಿಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಅಲ್ಲಿ ನಿಂತಾಗ ನನಗೆ ಪ್ರತಿ ಸಲ ಅನ್ನಿಸುತ್ತದೆ, ವೀಣೆ ಸ್ವಲ್ಪ ಕಡಿಮೆ ನುಡಿಸಿದ್ದರೆ ಗೋಡೆ ಇನ್ನಷ್ಟು ತುಂಬುತ್ತಿತ್ತೇನೋ. ಇದು ನೋಡುವವರ ಆಸೆಬುರುಕತನ. ನುಡಿಸಿದವರಿಗೆ ಆ ಲೆಕ್ಕ ಇರಲಿಲ್ಲ.

ಆಯ್ಕೆ ನಮ್ಮ ಕೈಯಲ್ಲಿ ಇಲ್ಲದಿದ್ದರೂ ಕಲಿಕೆ ಆಗುತ್ತದೆ. ಜರ್ಮನಿಯ ಬೌಹೌಸ್ ಶಾಲೆಯನ್ನು ಕಲಾ ಕಾಲೇಜಿನಲ್ಲಿ ನಿಮಗೆ ಹೇಳಿಯೇ ಹೇಳುತ್ತಾರೆ. 1919ರಲ್ಲಿ ಶುರುವಾಯಿತು. ಎಲ್ಲರಿಗೂ ಮೊದಲು ಅರ್ಧ ವರ್ಷದ ಪೂರ್ವಭಾವಿ ತರಗತಿ ಎಂಬ ಪದ್ಧತಿ ಹೆಸರಾದದ್ದು ಅಲ್ಲಿಂದ. ಆನಿ ಆಲ್ಬರ್ಸ್ ಎಂಬ ಹೆಣ್ಣುಮಗಳು ಅಲ್ಲಿಗೆ ಬಂದಾಗ ಗಾಜಿನ ಕೆಲಸ ಕಲಿಯುವ ಆಸೆ. ಶಾಲೆ ಆಕೆಯನ್ನು ನೇಯ್ಗೆಗೆ ಕಳಿಸಿತು. ಹೆಂಗಸರಿಗೆ ನೇಯ್ಗೆ ಸಾಕು ಎಂಬ ಧೋರಣೆ. ಅದು ಅನ್ಯಾಯವೇ, ಅದಕ್ಕೆ ಬಣ್ಣ ಹಚ್ಚುವುದು ಬೇಡ. ಆದರೆ ಒಲ್ಲದ ಮಗ್ಗದ ಮುಂದೆ ಆಕೆ ಕೂತರು, ಎದ್ದು ಹೋಗಲಿಲ್ಲ. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಆಕೆಯ ನೇಯ್ಗೆಯದೇ ಪ್ರದರ್ಶನ ಮಾಡಿತು.

ಎಲ್ಲರಿಗೂ ಈ ಸುತ್ತಾಟ ಬೇಕೇ? ಬೇಡ. ನಮ್ಮ ಚಿಕ್ಕಮಗಳೂರು ಜಿಲ್ಲೆಯದೇ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ. ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದ, ಸುಮಾರು 1196ರ ದೇವಾಲಯ. ಮಂಟಪದಲ್ಲಿ ನಿಂತು ಕತ್ತೆತ್ತಿದರೆ ಭುವನೇಶ್ವರಿಗಳು, ಅಂದರೆ ಕೆತ್ತಿದ ಒಳಚಾವಣಿಗಳು. ರೂವಾರಿ ಮಲ್ಲಿತಮ್ಮ ತನ್ನ ಕೆಲಸ ಶುರು ಮಾಡಿದ್ದು ಇವುಗಳಲ್ಲಿ ಎಂದು ಇತಿಹಾಸಕಾರರು ಹೇಳುತ್ತಾರೆ. ಮುಂದೆ ಸೋಮನಾಥಪುರದ ಶಿಲ್ಪಗಳ ಕೆಳಗೂ ಆ ಹೆಸರು ಇದೆ. ಒಂದೇ ಕಸುಬು, ಒಂದೇ ಬಳಪದ ಕಲ್ಲು, ಇಡೀ ಆಯುಷ್ಯ. ಇಂಥವರಿಗೆ ನನ್ನ ಸಲಹೆಯ ಅಗತ್ಯವಿಲ್ಲ. ಉಳಿದವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಒಂದು ಸುತ್ತು ಸುತ್ತದೆ ತನ್ನದು ಯಾವುದೆಂದು ತಿಳಿಯುವುದಿಲ್ಲ. ಅಪ್ಪನಿಗೆ ಸದ್ಯಕ್ಕೆ ಹೀಗೆ ಹೇಳಿ: ಒಂದು ವರ್ಷ ಕೊಡಿ. ವರ್ಷದ ಕೊನೆಗೆ ಒಂದೇ ಹೂವಿನ ಏಳೆಂಟು ಕೆಲಸ ಜಗಲಿಯಲ್ಲಿ ಸಾಲಾಗಿ ಇಡುತ್ತೇನೆ. ಯಾವುದರ ಮುಂದೆ ನೀವು ಹೆಚ್ಚು ಹೊತ್ತು ನಿಲ್ಲುತ್ತೀರಿ ನೋಡೋಣ.

ಕೊನೆಯದಾಗಿ ಕೆಲಸಕ್ಕೆ ಬರುವ ಒಂದೆರಡು ಮಾತು. ಹೂಮಳೆ ಕಾಲೇಜಿನ ವೇಳಾಪಟ್ಟಿ ನೋಡಿ ಬರುವುದಿಲ್ಲ. ಮಳೆ ಬಿದ್ದ ದಿನ ಮನೆಯವರಿಗೆ ಫೋನ್ ಮಾಡಲು ಹೇಳಿಡಿ. ಅಲ್ಲಿಂದ ವಾರ ಬಿಟ್ಟು ಟಿಕೆಟ್ ಮಾಡಿಸಿದರೆ ಹೂವಿನ ಹೊತ್ತಿಗೆ ತೋಟದಲ್ಲಿರುತ್ತೀರಿ. ಹೂವು ತಪ್ಪಿದರೆ ನವೆಂಬರಿನಿಂದ ಅರೇಬಿಕಾ ಕುಯ್ಲು, ಹೊಸ ವರ್ಷದ ಮೇಲೆ ರೊಬಸ್ಟಾ. ಆಗ ಬಿಳಿಯ ಬದಲು ಕೆಂಪು ಹಣ್ಣು ಹಿಡಿದು ಇದೇ ಸುತ್ತು ಸುತ್ತಬಹುದು. ಹಣ್ಣು ಕುಯ್ಯುವವರಿಗೆ ಅದು ದಿನದ ಕೂಲಿ. ಕೇಳದೆ ಕ್ಯಾಮೆರಾ ಎತ್ತಬೇಡಿ. ಬೇರೆಯವರ ತೋಟವಾದರೆ ಲೆಕ್ಕ ಬರೆಯುವ ರೈಟರಿಗೆ ಒಂದು ಮಾತು ಹೇಳಿ. ಕಣದಲ್ಲಿ ಕೂತು ಚಿತ್ರ ಬರೆಯುವವರು ಅಂಚಿನಲ್ಲಿ ಕೂರಿ, ಚಪ್ಪಲಿ ಹೊರಗೆ ಬಿಡಿ. ಹರಡಿದ ಕಾಫಿಯ ಮೇಲೆ ನಡೆದರೆ ಬೈಯುವುದಕ್ಕೆ ಅಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.